ಹೃದಯಾಘಾತಕ್ಕೂ ಕ್ಯಾನ್ಸರ್‌ಗೂ ಒಳಗೆ ಏನಾದರೂ ನಂಟಿದೆಯಾ?

ಇದೆ. ಒಂದು ದೊಡ್ಡ ಕೊಂಡಿ ಉರಿಯೂತ.

ಗಾಯವಾದ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ ಅಲ್ವಾ? ಅದೇ ಉರಿಯೂತ. ನಾಲ್ಕು ದಿನ ಇದ್ದು ಹೋದರೆ ಒಳ್ಳೆಯದೇ. ವರ್ಷಗಟ್ಟಲೆ ಒಳಗೇ ಹೊಗೆಯಾಡಿದರೆ ಕಷ್ಟ.

ರಕ್ತನಾಳದ ಗೋಡೆಯೊಳಗೆ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್ ನುಸುಳುತ್ತದೆ. ಅದನ್ನು ನುಂಗಲು ಬಿಳಿ ರಕ್ತಕಣಗಳು ಬರುತ್ತವೆ, ಕೊಬ್ಬು ತುಂಬಿಕೊಂಡು ಅಲ್ಲೇ ಸಾಯುತ್ತವೆ. ತುಂಬಾ ಜನ ಇದನ್ನು ಪೈಪಿನಲ್ಲಿ ಕಟ್ಟಿದ ಜಿಡ್ಡು ಅಂದುಕೊಳ್ಳುತ್ತಾರೆ. ಸುಮ್ನೆ ಜಿಡ್ಡಲ್ಲ, ಅದು ಗೋಡೆಯೊಳಗೆ ಉರಿಯೂತದಿಂದಾದ ಹುಣ್ಣಿನ ಹಾಗೆ. ಅದರ ಮೇಲಿನ ಪೊರೆ ಹರಿದರೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಹೆಚ್ಚಿನ ಹೃದಯಾಘಾತಗಳು ಆಗುವುದು ಹೀಗೆ.

ಕ್ಯಾನ್ಸರ್ ಹುಟ್ಟುವುದು ಡಿಎನ್‌ಎ ತಪ್ಪುಗಳಿಂದ. ಉರಿಯೂತ ಆ ತಪ್ಪುಗಳನ್ನು ಜಾಸ್ತಿ ಮಾಡುತ್ತದೆ, ಕೆಟ್ಟ ಕೋಶಗಳು ಬೆಳೆಯಲೂ ನೆರವಾಗುತ್ತದೆ. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಸೋಂಕು ವರ್ಷಗಟ್ಟಲೆ ಉಳಿದರೆ ಲಿವರ್ ಕ್ಯಾನ್ಸರ್ ಬರಬಹುದು ಅನ್ನುವುದರಲ್ಲಿ ಉರಿಯೂತದ ಪಾಲೂ ಇದೆ.

ನನಗೆ ಬಹಳ ಮುಖ್ಯ ಅನ್ನಿಸುವುದು 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಅನ್ನುವ ಔಷಧ ಪರೀಕ್ಷೆ. ಮೊದಲೇ ಹೃದಯಾಘಾತ ಆಗಿದ್ದ 10,061 ಜನ ಅದರಲ್ಲಿದ್ದರು. ಕೊಟ್ಟ ಮದ್ದು ಕೆನಾಕಿನುಮ್ಯಾಬ್. ಅದು ಕೊಲೆಸ್ಟ್ರಾಲ್ ಇಳಿಸುವುದಿಲ್ಲ, ಉರಿಯೂತದ ಒಂದು ಸಂದೇಶವನ್ನು ತಡೆಯುತ್ತದೆ ಅಷ್ಟೇ. ಆದರೂ 150 ಮಿಲಿಗ್ರಾಂ ಡೋಸ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಮದ್ದು ಪಡೆಯದವರಿಗಿಂತ ಒಟ್ಟಾರೆ ಸುಮಾರು 15% ಕಡಿಮೆಯಾದವು. ಹೆಚ್ಚಿನ ಡೋಸ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವುಗಳೂ ಇಳಿದವು!

ಆದರೆ ಮದ್ದು ಪಡೆದವರಲ್ಲಿ ಸೋಂಕಿನಿಂದ ಸತ್ತವರು ಹೆಚ್ಚಾದರು. ಆಗಲೇ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಇದೇ ಮದ್ದು ಕೊಟ್ಟು ನೋಡಿದಾಗ ನಿರೀಕ್ಷಿಸಿದ ಫಲ ಸಿಗಲಿಲ್ಲ. ಬೀಡಿ, ಸಿಗರೇಟು ಬಿಡುವುದು ಮಾತ್ರ ಎರಡೂ ರೋಗಗಳ ಅಪಾಯವನ್ನು ಖಂಡಿತ ತಗ್ಗಿಸುತ್ತದೆ.