ಐರನ್ ಮಾತ್ರೆಗೆ ಬಗ್ಗದ ರಕ್ತಹೀನತೆ

ಡೊಂಬಿವಲಿಯ ನಿಮ್ಮ ತಂಗಿಗೆ ಮೂರು ತಿಂಗಳು ಐರನ್ ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ 11 ದಾಟಿಲ್ಲ, ಮಾತ್ರೆ ಬದಲಿಸಬೇಕಾ ಅಂತ ಕೇಳಿದ್ದೀರಿ. ಸುಮ್ನೆ ಮಾತ್ರೆ ಬದಲಿಸಬೇಡಿ, ರಿಪೋರ್ಟ್ ಇನ್ನೊಮ್ಮೆ ನೋಡಿ. ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 64, ಆರ್‌ಬಿಸಿ (ಕೆಂಪು ರಕ್ತಕಣಗಳ ಸಂಖ್ಯೆ) 5.6 ಅಲ್ವಾ? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 11.4. ಇದು 13ಕ್ಕಿಂತ ಕಡಿಮೆ ಬಂದರೆ ತಲಸ್ಸೀಮಿಯಾ ಮೈನರ್ (ಹಿಮೋಗ್ಲೋಬಿನ್ ತಯಾರಿಕೆಯ ಆನುವಂಶಿಕ ದೋಷದ ಸೌಮ್ಯ ರೂಪ, ಇದಿದ್ದವರೇ ವಾಹಕರು) ಅನುಮಾನ ಜಾಸ್ತಿ. ಅನುಮಾನ ಅಷ್ಟೇ. ಖಚಿತವಾಗಲು ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ವಿಧಗಳನ್ನು ಅಳೆಯುವ ಟೆಸ್ಟ್) ಬೇಕು, ಜೊತೆಗೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಟೆಸ್ಟ್) ಕೂಡ. ಯಾಕಂದ್ರೆ ಕಬ್ಬಿಣದ ಕೊರತೆಯೂ ಇದ್ದರೆ ಎಚ್‌ಬಿಎ2 (ಮೈನರ್ ಇದ್ದರೆ ಏರುವ ಹಿಮೋಗ್ಲೋಬಿನ್ ವಿಧ) ತಗ್ಗಿ, ರಿಪೋರ್ಟ್ ನಾರ್ಮಲ್ ಅಂತ ಮೋಸ ಮಾಡಬಹುದು. ಮುಂಬೈ ಪರೇಲ್‌ನ ಕೆಇಎಂ ಆಸ್ಪತ್ರೆ ಆವರಣದಲ್ಲೇ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರಕ್ತಕಾಯಿಲೆ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ವಿಚಾರಿಸಿ. ಮದುವೆ ಮಾತು ನಡೆದಿದೆ ಅಂದಿರಲ್ಲ, ಹುಡುಗನಿಗೂ ಟೆಸ್ಟ್ ಮಾಡಿಸಿ (ಜಾತಕ ಆಮೇಲೆ ನೋಡಿ). ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ತಲಸ್ಸೀಮಿಯಾ ಮೇಜರ್ (ಇದರ ತೀವ್ರ ರೂಪ) ಬರುವ ಸಾಧ್ಯತೆ ಶೇ. 25.