ಫೋಲ್ಡರ್ ಲೋಕಲ್ಲಾ, ನೆಟ್‌ವರ್ಕಾ?

ಪ್ರಶ್ನೆ: ನಮ್ಮ ಪ್ರೋಗ್ರಾಂ ಯೂಸರ್ ತೋರಿಸಿದ ಫೋಲ್ಡರಲ್ಲಿ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲ್ ಇಡುತ್ತೆ, ವಾಲ್ ಮೋಡ್ (ಬದಲಾವಣೆಗಳನ್ನ ಮೊದಲು ಬೇರೆ ಲಾಗ್ ಫೈಲಲ್ಲಿ ಬರೆಯೋ ವಿಧಾನ) ಆನ್ ಇದೆ. ಕೆಲವರು ನೆಟ್‌ವರ್ಕ್ ಶೇರ್ ಕೊಟ್ಟುಬಿಡ್ತಾರೆ. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಇದನ್ನ ಕೋಡಲ್ಲೇ ಕಂಡುಹಿಡಿಯೋದು ಹೇಗೆ?

ಉತ್ತರ: ಕಂಡುಹಿಡೀಲೇಬೇಕು, ಯಾಕಂದ್ರೆ ವಾಲ್ ಮೋಡಲ್ಲಿ ಎಲ್ಲ ಪ್ರೊಸೆಸ್‌ಗಳೂ ಒಂದೇ ಮೆಮೊರಿ ಹಂಚ್ಕೋಬೇಕು, ಬೇರೆ ಬೇರೆ ಮಷೀನಲ್ಲಿ ಕೂತಿದ್ರೆ ಅದು ಆಗೋ ಮಾತಲ್ಲ. ಮ್ಯಾಕಲ್ಲಿ ಸುಲಭ, ಸ್ಟ್ಯಾಟ್‌ಎಫ್‌ಎಸ್ (ಫೈಲ್ ಸಿಸ್ಟಮ್ ವಿವರ ಕೊಡೋ ಸಿಸ್ಟಮ್ ಕಾಲ್) ಕರೆದು ಫ್ಲ್ಯಾಗ್‌ಗಳಲ್ಲಿ ಎಂಎನ್‌ಟಿ ಲೋಕಲ್ ಇದೆಯಾ ನೋಡಿ, ಇಲ್ಲ ಅಂದ್ರೆ ನೆಟ್‌ವರ್ಕ್ ಅಂತ ತಗೊಳ್ಳಿ. ವಿಂಡೋಸಲ್ಲಿ ಮೊದಲು ಗೆಟ್‌ವಾಲ್ಯೂಮ್‌ಪಾತ್‌ನೇಮ್ ಫಂಕ್ಷನ್ ಕರೀರಿ, ಅದು ಕೊಟ್ಟ ರೂಟನ್ನ ಗೆಟ್‌ಡ್ರೈವ್‌ಟೈಪ್‌ಗೆ ಕೊಡಿ, 4 ಬಂದ್ರೆ ರಿಮೋಟ್. ಬರೀ ಡ್ರೈವ್ ಅಕ್ಷರ ನೋಡಿ ತೀರ್ಮಾನ ಮಾಡ್ಬೇಡಿ, ನೆಟ್‌ವರ್ಕ್ ಶೇರಿಗೂ ಅಕ್ಷರ ಕೊಟ್ಟಿರ್ತಾರೆ.

ತಲೆನೋವು ಇರೋದೆಲ್ಲಾ ಲಿನಕ್ಸಲ್ಲಿ. ಅಲ್ಲಿ ಲೋಕಲ್ ಅನ್ನೋ ಫ್ಲ್ಯಾಗೇ ಇಲ್ಲ, ಸ್ಟ್ಯಾಟ್‌ಎಫ್‌ಎಸ್ ಫೈಲ್ ಸಿಸ್ಟಮ್ ಯಾವ ಥರದ್ದು ಅಂತ ಒಂದು ನಂಬರ್ ಕೊಡುತ್ತೆ ಅಷ್ಟೇ, ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಮ್) ಆದ್ರೆ ಹೆಕ್ಸಲ್ಲಿ 6969, ಫ್ಯೂಸ್ (ಕರ್ನಲ್ ಹೊರಗಿನ ಪ್ರೋಗ್ರಾಂ ನಡೆಸೋ ಫೈಲ್ ಸಿಸ್ಟಮ್) ಆದ್ರೆ 65735546, ಆದ್ರೆ ಫ್ಯೂಸ್ ಒಳಗೆ ದೂರದ ಮಷೀನಿನ ಫೈಲ್ ತೋರಿಸೋ ಎಸ್‌ಎಸ್‌ಎಚ್‌ಎಫ್‌ಎಸ್ ಇರಬಹುದು, ಪಕ್ಕದಲ್ಲೇ ಚುಚ್ಚಿರೋ ಪೆನ್‌ಡ್ರೈವಿನ ಎನ್‌ಟಿಎಫ್‌ಎಸ್ಸೂ ಇರಬಹುದು, ಆ ನಂಬರಿಂದ ಗೊತ್ತಾಗಲ್ಲ. ಇನ್ನೊಂದು, ಹಾರ್ಡ್ ಮೌಂಟ್ (ಸರ್ವರ್ ಉತ್ತರ ಕೊಡೋವರೆಗೂ ಕಾಯೋ ಹಾಗೆ ಜೋಡಿಸೋದು) ಮಾಡಿದ ಎನ್‌ಎಫ್‌ಎಸ್ ಸರ್ವರ್ ಬಿದ್ದಿದ್ರೆ ಆ ಕಾಲ್ ವಾಪಸ್ಸೇ ಬರಲ್ಲ, ನಿಮ್ಮ ಪ್ರೋಗ್ರಾಂ ಅಲ್ಲೇ ಕಲ್ಲಾಗಿ ನಿಲ್ಲುತ್ತೆ. ಅದಕ್ಕೇ ನಾನು /ಪ್ರಾಕ್ ಫೋಲ್ಡರ್ ಒಳಗಿನ, ಎಲ್ಲ ಮೌಂಟ್‌ಗಳ ಪಟ್ಟಿ ಇರೋ ಮೌಂಟ್‌ಇನ್ಫೋ ಫೈಲ್ ಓದೋದನ್ನೇ ಇಷ್ಟಪಡ್ತೀನಿ, ಅದನ್ನ ಕರ್ನಲ್ಲೇ ಕೊಡೋದು, ಸರ್ವರನ್ನ ಕೇಳೋ ಪ್ರಮೇಯ ಇಲ್ಲ, ಮತ್ತೆ ಅದರಲ್ಲಿ ಫ್ಯೂಸ್ ಡಾಟ್ ಎಸ್‌ಎಸ್‌ಎಚ್‌ಎಫ್‌ಎಸ್ ಅಂತ ಹೆಸರೇ ಇರುತ್ತೆ.

ಆ ಪಟ್ಟಿಯಲ್ಲಿ ನಿಮ್ಮ ಪಾತ್‌ಗೆ ಹೊಂದೋ ಅತಿ ಉದ್ದದ ಮೌಂಟ್ ಪಾಯಿಂಟ್ (ಫೈಲ್ ಸಿಸ್ಟಮ್ ಜೋಡಿಸಿರೋ ಫೋಲ್ಡರ್) ಹುಡುಕಬೇಕು. ಇಲ್ಲಿ ತುಂಬ ಜನ ಎಡವ್ತಾರೆ: /ಡೇಟಾ ಅನ್ನೋದು ನೆಟ್‌ವರ್ಕ್ ಮೌಂಟ್, ನಿಮ್ಮ ಫೋಲ್ಡರ್ /ಡೇಟಾಬೇಸ್, ಬರೀ ಅಕ್ಷರ ಹೋಲಿಸಿದ್ರೆ ಅದೂ ನೆಟ್‌ವರ್ಕ್ ಅಂತ ಬಂದುಬಿಡುತ್ತೆ. ಮ್ಯಾಚ್ ಆದಮೇಲೆ ಮುಂದಿನ ಅಕ್ಷರ ಸ್ಲ್ಯಾಶೋ, ಇಲ್ಲ ಪಾತ್ ಅಲ್ಲಿಗೇ ಮುಗೀತೋ ಅಂತ ನೋಡಿ. ಒಂದೇ ಜಾಗದಲ್ಲಿ ಎರಡು ಮೌಂಟ್ ಕೂತಿದ್ರೆ ಮೇಲೆ ಕೂತಿರೋದೇ ಲೆಕ್ಕಕ್ಕೆ. ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕರ್ಕೊಂಡು ಹೋಗೋ ಕೊಂಡಿ) ಬಿಡಿಸೋಕೆ ಹೋದ್ರೆ ಮಾತ್ರ ಡಿಸ್ಕನ್ನ ಮುಟ್ಟಲೇಬೇಕಾಗುತ್ತೆ, ಆ ಕೆಲಸ ಬೇರೆ ಪ್ರೊಸೆಸ್‌ಗೆ ಕೊಟ್ಟು ಎರಡು ಸೆಕೆಂಡ್ ಕಾದು, ಉತ್ತರ ಬರದಿದ್ರೂ ಮುಂದೆ ಹೋಗಿ.

ದಯವಿಟ್ಟು ಫಂಕ್ಷನ್ ಬರೀ ಹೌದು-ಇಲ್ಲ ಹೇಳೋ ಹಾಗೆ ಮಾಡ್ಬೇಡಿ, ಗೊತ್ತಿಲ್ಲ ಅನ್ನೋ ಮೂರನೇ ಉತ್ತರವೂ ಇರಲಿ, ಹೆಸರು ಗೊತ್ತಿಲ್ಲದ ಫ್ಯೂಸ್ ಸಿಕ್ಕಾಗ ಅದನ್ನೇ ಕೊಡಿ, ಆಗ ವಾಲ್ ಆಫ್ ಮಾಡಿ ಯೂಸರಿಗೆ ಒಂದು ಮಾತು ತಿಳಿಸಿ.