ಮೊದಲು ಮ್ಯಾಲರಿ, ಆಮೇಲೆ ಮೊಲ

ಮಾನ್ಯರೇ,

‘ಕತ್ತಲ ಯುಗಕ್ಕೊಂದು ಕಪಾಳಮೋಕ್ಷ’ ಎಂಬ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ನಿಮಗೆ ವಾಕ್ಯ ಕಟ್ಟಲು ಬರುತ್ತದೆ, ನಗಲೂ ಬರುತ್ತದೆ. ಆದ್ದರಿಂದಲೇ ಒಂದು ಸಾಲಿನ ವಿಷಾದಪತ್ರದಲ್ಲಿ ಮುಗಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯತಂಡ ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನನ್ನು ಗೇಲಿ ಮಾಡಿ ತೆಗೆದ 1975ರ ‘ಮಾಂಟಿ ಪೈಥಾನ್ ಅಂಡ್ ದಿ ಹೋಲಿ ಗ್ರೇಲ್’ ಚಿತ್ರವನ್ನು ಮುಂದಿಟ್ಟುಕೊಂಡು ನೀವು ಹೇಳುವುದಿಷ್ಟು: ಮಧ್ಯಯುಗದವರು ಮೂಢರು, ಆರ್ಥರ್ ರಾಜನ ಕಥೆಗಳನ್ನು ಕಣ್ಣು ಮುಚ್ಚಿ ನಂಬಿದವರು, ನಮ್ಮ ಕಾಲದ ಆರು ಮಂದಿ ಬುದ್ಧಿವಂತರು ಬಂದು ಅವರ ಬಣ್ಣ ಬಯಲು ಮಾಡಿದರು. ಈ ವಾದ ನಿಲ್ಲುವುದಿಲ್ಲ.

ಆರ್ಥರನ ನೈಟ್ (ಕುದುರೆ ಸವಾರ ಯೋಧ) ಲ್ಯಾನ್ಸ್‌ಲಾಟ್ ಮದುವೆಮನೆಗೆ ನುಗ್ಗುವ ದೃಶ್ಯವನ್ನೇ ನೋಡಿ. ಗೋಪುರದಲ್ಲಿ ಯಾರೋ ಸೆರೆಯಲ್ಲಿದ್ದಾರೆಂಬ ಓಲೆ ಬಾಣದೊಂದಿಗೆ ಬಂದು ಬೀಳುತ್ತದೆ. ಕನ್ಯೆಯೊಬ್ಬಳು ಅಪಾಯದಲ್ಲಿದ್ದಾಳೆಂದುಕೊಂಡ ವೀರ ಸಿಕ್ಕಸಿಕ್ಕ ಅತಿಥಿಗಳನ್ನು ಕೊಚ್ಚುತ್ತ ಮೇಲೇರುತ್ತಾನೆ. ಅಲ್ಲಿರುವುದು ಮದುವೆ ಬೇಡವೆನ್ನುವ ರಾಜಕುಮಾರ. ಇದನ್ನು ನೀವು ‘ಶುದ್ಧ ಹುಚ್ಚು ಕಲ್ಪನೆ’ ಎಂದು ಕರೆದು ಮುಂದೆ ಹೋಗಿದ್ದೀರಿ. ಕ್ಯಾಕ್ಸ್‌ಟನ್ 1485ರಲ್ಲಿ ಅಚ್ಚು ಹಾಕಿದ ಥಾಮಸ್ ಮ್ಯಾಲರಿಯ ಆರ್ಥರ್ ಕಥೆಗಳ ಪುಸ್ತಕವನ್ನು ತೆರೆದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಅಲ್ಲಿ ಆರ್ಥರನ ರಾಣಿ ಗ್ವಿನೆವಿಯರಳನ್ನು ಸುಡುವ ಶಿಕ್ಷೆಯಿಂದ ಪಾರು ಮಾಡಲು ನುಗ್ಗುವ ಲ್ಯಾನ್ಸ್‌ಲಾಟ್, ಗದ್ದಲದಲ್ಲಿ ಗ್ಯಾರೆತ್ ಮತ್ತು ಗ್ಯಾಹೆರಿಸ್ ಎಂಬ ಇಬ್ಬರು ನಿರಾಯುಧ ಸಹೋದರರನ್ನು ಗುರುತೇ ಹಿಡಿಯದೆ ಕೊಲ್ಲುತ್ತಾನೆ. ಗ್ಯಾರೆತ್‌ಗೆ ನೈಟ್ ಪದವಿ ಕೊಟ್ಟವನು ಅವನೇ! ಸತ್ತವರ ಅಣ್ಣ ಗವೇನ್‌ನ ಸೇಡು, ಯುದ್ಧ, ರಾಜ್ಯದ ಪತನ ಎಲ್ಲವೂ ಈ ಕೊಲೆಗಳ ಬೆನ್ನಿಗೇ ಬರುತ್ತವೆ. ರಕ್ಷಣೆಯ ಹೆಸರಿನಲ್ಲಿ ನಡೆಯುವ ಹತ್ಯೆ ಮೂಲದಲ್ಲೇ ಇದೆ. ಮ್ಯಾಲರಿಯಲ್ಲಿ ಅದು ದುರಂತ. ಚಿತ್ರದಲ್ಲಿ, ಕೊಂದವನು ಆರ್ಥರನ ರಾಜಧಾನಿ ಕ್ಯಾಮೆಲಾಟ್‌ನವನೆಂದು ತಿಳಿದೊಡನೆ ವರನ ತಂದೆ ಅವನನ್ನು ಉಪಚರಿಸತೊಡಗುತ್ತಾನೆ. ನೀವು ಬರೆಯಬೇಕಾದ ಲೇಖನ ಈ ಎರಡರ ನಡುವೆ ಇದೆ.

ಚಿತ್ರದಲ್ಲಿ ನೈಟ್‌ಗಳ ಮೇಲೆರಗಿ ಕೊಲ್ಲುವ ಮೊಲದ ವಿಷಯವೂ ಹಾಗೆಯೇ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಮುಂಭಾಗದಲ್ಲಿ ಸದ್ಗುಣ ದುರ್ಗುಣಗಳ ಹದಿಮೂರನೆಯ ಶತಮಾನದ ಉಬ್ಬುಶಿಲ್ಪಗಳಿವೆ. ಅಲ್ಲಿ ಹೇಡಿತನವೆಂದರೆ ಮೊಲಕ್ಕೆ ಹೆದರಿ ಕತ್ತಿ ಬಿಸಾಡಿ ಓಡುವ ಒಬ್ಬ ನೈಟ್. ಆ ಕಾಲದ ಹಸ್ತಪ್ರತಿಗಳ ಅಂಚಿನಲ್ಲಿ ಬೇಟೆಗಾರನನ್ನೇ ಬೇಟೆಯಾಡುವ ಮೊಲಗಳು, ಬಸವನಹುಳುವಿನೊಡನೆ ಸೆಣಸುವ ಯೋಧರು ಬೇಕಾದಷ್ಟಿದ್ದಾರೆ. ಧರ್ಮಗ್ರಂಥಗಳ ಅಂಚಿನಲ್ಲೂ ಇದ್ದಾರೆ. ನೀವು ಮೂಢರೆಂದವರು ತಮ್ಮ ಬಗ್ಗೆ ತಾವೇ ನಕ್ಕು ಏಳೆಂಟು ನೂರು ವರ್ಷಗಳಾಗಿವೆ. ಚಿತ್ರದ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಟೆರ್ರಿ ಜೋನ್ಸ್ 1980ರಲ್ಲಿ ಮಧ್ಯಯುಗದ ಇಂಗ್ಲಿಷ್ ಕವಿ ಚಾಸರನ ನೈಟ್ ಪಾತ್ರದ ಬಗ್ಗೆ, ಅವನು ಆದರ್ಶ ವೀರನಲ್ಲ, ಕೂಲಿ ಸೈನಿಕ ಎಂದು ವಾದಿಸುವ ಪುಸ್ತಕವನ್ನೇ ಬರೆದರು. ಹೊರಗೆ ನಿಂತು ಕಲ್ಲೆಸೆದವರ ಕೆಲಸ ಇದಲ್ಲ.

ಚಿತ್ರದ ಮಾಟಗಾತಿಯ ವಿಚಾರಣೆಯನ್ನು ‘ಮಧ್ಯಯುಗದ ಕ್ರೌರ್ಯಕ್ಕೆ ಸಾಕ್ಷಿ’ ಎಂದಿದ್ದೀರಿ. ಯುರೋಪಿನ ದೊಡ್ಡ ಮಾಟಗಾತಿ ಬೇಟೆಗಳು ನಡೆದದ್ದು ಮುಖ್ಯವಾಗಿ ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ, ಅಂದರೆ ನೀವು ಹೊಗಳುವ ಯುರೋಪಿನ ನವೋದಯ (ರೆನೆಸಾನ್ಸ್) ಶುರುವಾದ ನಂತರ. ಆ ದೃಶ್ಯದ ಗುರಿ ತರ್ಕಶಾಸ್ತ್ರ: ಮಾಟಗಾತಿ ಬೆಂಕಿಯಲ್ಲಿ ಉರಿಯುತ್ತಾಳೆ, ಮರವೂ ಉರಿಯುತ್ತದೆ, ಮರ ತೇಲುತ್ತದೆ, ಬಾತುಕೋಳಿಯೂ ತೇಲುತ್ತದೆ, ಆದ್ದರಿಂದ ಇವಳ ತೂಕ ಬಾತುಕೋಳಿಯಷ್ಟಿದ್ದರೆ ಇವಳು ಮಾಟಗಾತಿ. ಕೊನೆಗೆ ತಕ್ಕಡಿ ಸರಿಸಮ ತೂಗುತ್ತದೆ, ಅವಳೂ ಒಪ್ಪಿಕೊಳ್ಳುತ್ತಾಳೆ! ದೃಶ್ಯದ ಪ್ರಾಣವೇ ಅದು. ನೀವು ಅದನ್ನು ಬಿಟ್ಟಿದ್ದೀರಿ.

ಧರ್ಮದ ಭಾಗವನ್ನು ಪೂರ್ತಿ ತೆಗೆದುಬಿಡಿ, ಇಲ್ಲವೇ ಹೊಸದಾಗಿ ಬರೆಯಿರಿ. ಇದೇ ತಂಡದ 1979ರ ಚಿತ್ರ ‘ಲೈಫ್ ಆಫ್ ಬ್ರಿಯಾನ್’ ನಡೆಯುವುದು ರೋಮನ್ನರ ಆಳ್ವಿಕೆಯ ಜುದೇಯದಲ್ಲಿ, ಮೊದಲ ಶತಮಾನದಲ್ಲಿ, ಅದು ಮಧ್ಯಯುಗವಲ್ಲ. ಅದರಲ್ಲಿ ಯೇಸುವನ್ನು ಗೇಲಿ ಮಾಡಲಾಗಿದೆ ಎಂಬುದೂ ತಪ್ಪು. ಬೆಟ್ಟದ ಪ್ರಸಂಗದಲ್ಲಿ ಯೇಸು ಗಂಭೀರವಾಗಿಯೇ ಮಾತನಾಡುತ್ತಾರೆ. ನಗು ಹುಟ್ಟುವುದು ಗುಂಪಿನ ಹಿಂದೆ ನಿಂತು ತಪ್ಪಾಗಿ ಕೇಳಿಸಿಕೊಂಡು ಜಗಳವಾಡುವವರಿಂದ. ನಾರ್ವೆ, ಐರ್ಲೆಂಡ್‌ಗಳಲ್ಲಿ ನಿಷೇಧವಾಯಿತೆಂದು ಬರೆದರೆ ಸಾಲದು, ಯಾವ ನಗುವಿಗೆ ಅಷ್ಟು ಸಿಟ್ಟು ಬಂತೆಂದು ಹೇಳಬೇಕು.

ಇನ್ನು ‘ಹೋಲಿ ಗ್ರೇಲ್’ನ ತೆಂಗಿನಕಾಯಿ. ಕುದುರೆಗೆ ದುಡ್ಡಿಲ್ಲದೆ ಚಿಪ್ಪು ಬಡಿದು ಗೊರಸಿನ ಸದ್ದು ಮಾಡಿದರೆಂದು ಬರೆದಿದ್ದೀರಿ, ಸರಿ. ಆದರೆ ನಮ್ಮ ಓದುಗರ ಹಿತ್ತಲಲ್ಲೇ ತೆಂಗಿನಮರವಿದೆ. ಇಂಗ್ಲೆಂಡಿನಲ್ಲಿ ಅದು ಬೆಳೆಯುವುದಿಲ್ಲ ಎಂದು ಒಂದು ಮಾತು ಹೇಳದಿದ್ದರೆ, ಕೋಟೆಯ ಕಾವಲುಗಾರ ‘ಈ ಕಾಯಿ ನಿನಗೆಲ್ಲಿ ಸಿಕ್ಕಿತು’ ಎಂದು ರಾಜನನ್ನೇ ಅಡ್ಡಗಟ್ಟುವುದು ಏಕೆಂದು ಅವರಿಗೆ ತಿಳಿಯದು.

‘ನಮ್ಮಲ್ಲಿ ಪುರಾಣವನ್ನು ನಗುವ ಧೈರ್ಯ ಯಾರಿಗಿದೆ?’ ಎಂಬ ಕೊನೆಯ ಸಾಲನ್ನು ಹೊಡೆದುಹಾಕಿದ್ದೇನೆ. ನೀವು ಯಕ್ಷಗಾನದ ಹಾಸ್ಯಗಾರನನ್ನು ನೋಡಿಯೇ ಇಲ್ಲವೆಂದು ಅದರಿಂದ ಗೊತ್ತಾಗುತ್ತದೆ.

ಮ್ಯಾಲರಿಯ ಕೊನೆಯ ಭಾಗವನ್ನಾದರೂ ಓದಿ, ಒಂದೇ ದೃಶ್ಯವನ್ನು ಆಯ್ದುಕೊಂಡು ಮತ್ತೆ ಬರೆಯಿರಿ. ನನ್ನ ಆಯ್ಕೆ ಲ್ಯಾನ್ಸ್‌ಲಾಟ್. 1200 ಪದ ಮೀರದಿರಲಿ. ಚಿತ್ರದ ಸ್ಟಿಲ್‌ಗಳನ್ನು ಕಳುಹಿಸಬೇಡಿ, ಅವುಗಳ ಹಕ್ಕು ನಮ್ಮಲ್ಲಿಲ್ಲ.

— ಸಂಪಾದಕ